ಕರೆಂಟ್ ಹೋದ ಕೂಡಲೇ ಕಾಣೆಯಾದ ಯುಪಿಎಸ್: ಒಂದು ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಸಣ್ಣದೊಂದು ಕಚೇರಿ ಇದೆ. ಮನೆಗಳ ಅಟ್ಟದಿಂದ, ಹಳೆ ಟ್ರಂಕ್‌ಗಳಿಂದ ಬಂದ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಕಾಪಾಡುವುದು ಅವರ ಕೆಲಸ. 90 ನಿಮಿಷದ ಕ್ಯಾಸೆಟ್ ಇಳಿಸಲು 90 ನಿಮಿಷವೇ ಬೇಕು, ಅವಸರ ಮಾಡುವ ಹಾಗಿಲ್ಲ. ಒಂದೊಂದು ಕ್ಯಾಸೆಟ್‌ಗೆ ಸುಮಾರು ಒಂದೂವರೆ ಜಿಬಿಯ ಫೈಲ್ ಆಗುತ್ತದೆ. ಅಲ್ಲಿನ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನಾನು.

ಯಂತ್ರಗಳು ಎರಡು. ಒಂದು ರೆಕಾರ್ಡಿಂಗ್ ಕಂಪ್ಯೂಟರ್. ಕ್ಯಾಸೆಟ್ ಪ್ಲೇಯರ್ ಇದಕ್ಕೇ ಸೇರಿದೆ. ಇನ್ನೊಂದು ಸ್ಟೋರೇಜ್ ಕಂಪ್ಯೂಟರ್. ಎರಡು ಡಿಸ್ಕ್ ಹಾಕಿ ಎರಡರಲ್ಲೂ ಒಂದೇ ಮಾಹಿತಿ ಇರುವಂತೆ ಮಾಡಿದ್ದೇವೆ. ಎರಡೂ ಯಂತ್ರಗಳಿಗೆ ಸೇರಿ ಒಂದೇ ಯುಪಿಎಸ್. ಯುಪಿಎಸ್‌ಗೆ ಇರುವುದು ಒಂದೇ ಯುಎಸ್‌ಬಿ ಕೇಬಲ್, ಅದು ರೆಕಾರ್ಡಿಂಗ್ ಕಂಪ್ಯೂಟರಿಗೆ ಹೋಗಿದೆ. ಹಾಗಾದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಅಂತ ಸ್ಟೋರೇಜ್‌ಗೆ ಯಾರು ಹೇಳಬೇಕು? ನೆಟ್‌ವರ್ಕ್ ಮೂಲಕ ಮೊದಲನೆಯ ಯಂತ್ರವೇ ಹೇಳಬೇಕು.

ಇದಕ್ಕೆ ನಾವು ಬಳಸಿದ್ದು ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಬಳಸುವವರೆಲ್ಲ ನಟ್ ಅಂತ ಕರೆಯುವ ಉಚಿತ ತಂತ್ರಾಂಶ ಇದು. ಇದರಲ್ಲಿ ಮೂರು ಭಾಗಗಳಿವೆ. ಡ್ರೈವರ್ ಯುಎಸ್‌ಬಿ ಮೂಲಕ ಯುಪಿಎಸ್ ಜೊತೆ ಮಾತಾಡುತ್ತದೆ. ಯುಪಿಎಸ್‌ಡಿ ಅನ್ನುವ ಸರ್ವರ್ ಆ ಮಾಹಿತಿಯನ್ನು ಟಿಸಿಪಿ 3493ನೇ ಪೋರ್ಟಿನಲ್ಲಿ (ನೆಟ್‌ವರ್ಕ್ ಮಾತು ಬಂದುಹೋಗುವ, ನಂಬರ್ ಹಾಕಿದ ಬಾಗಿಲು) ಕೇಳಿದವರಿಗೆ ಕೊಡುತ್ತದೆ. ಯುಪಿಎಸ್‌ಮಾನ್ ಅನ್ನುವ ಕ್ಲೈಂಟ್ ಪ್ರತಿ ಯಂತ್ರದಲ್ಲೂ ಇರುತ್ತದೆ, ಸ್ಥಿತಿ ಕೇಳುತ್ತಿರುತ್ತದೆ, ಬ್ಯಾಟರಿ ತೀರಾ ಇಳಿದಾಗ ಯಂತ್ರವನ್ನು ಸರಿಯಾಗಿ ಮುಚ್ಚುತ್ತದೆ. ಯುಎಸ್‌ಬಿ ಕೇಬಲ್ ಇರುವ ಯಂತ್ರ ಪ್ರೈಮರಿ, ಉಳಿದವು ಸೆಕೆಂಡರಿ. 2.8.0 ಆವೃತ್ತಿಗೆ ಮೊದಲು ಇವನ್ನೇ ಮಾಸ್ಟರ್, ಸ್ಲೇವ್ ಅನ್ನುತ್ತಿದ್ದರು. ನಮ್ಮ ಸ್ಟೋರೇಜ್‌ನಲ್ಲಿ ಇದ್ದದ್ದು 2.7.4, ಆದ್ದರಿಂದ ಅಲ್ಲಿ ಹಳೆ ಪದವನ್ನೇ ಬರೆದೆ.

ಏಪ್ರಿಲ್‌ನಲ್ಲಿ ಇದನ್ನು ಜೋಡಿಸಲು ಕೂತಾಗ ಒಂದಾದ ಮೇಲೊಂದು ಮೂರು ತೊಂದರೆ ಬಂದವು. ಸ್ಟೋರೇಜ್‌ನಲ್ಲಿ ಕೂತು ಯುಪಿಎಸ್‌ಸಿ ಕಮಾಂಡ್ ಕೊಟ್ಟೆ. ಯುಪಿಎಸ್‌ನ ಸ್ಥಿತಿ ಓದಲು ಇದು ಸುಲಭದ ದಾರಿ. ಕರ್ಸರ್ ಸುಮ್ನೆ ನಿಂತಿತು. ಬಹಳ ಹೊತ್ತಾದ ಮೇಲೆ ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಬಂತು. ‘ಇದ್ದೀಯಾ’ ಅಂತ ಇನ್ನೊಂದು ಯಂತ್ರವನ್ನು ಕೇಳುವ ಪಿಂಗ್ ಮಾತ್ರ ಚೆನ್ನಾಗಿ ಹೋಗುತ್ತಿತ್ತು. ಪಿಂಗ್ ಹೋದರೆ ನೆಟ್‌ವರ್ಕ್ ಸರಿ ಇದೆ ಅಂದುಕೊಳ್ಳುವುದು ಸಹಜ, ಅಲ್ವಾ? ಆದರೆ ಪಿಂಗ್ ಹೇಳುವುದು ಆ ಯಂತ್ರ ಎದ್ದಿದೆ ಅಂತ ಮಾತ್ರ. 3493ನೇ ಬಾಗಿಲು ತೆರೆದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಕಾಯಿಸಿ ಕಾಯಿಸಿ ಉತ್ತರವೇ ಬಾರದಿದ್ದರೆ ನಾನು ಮೊದಲು ನೋಡುವುದು ಫೈರ್‌ವಾಲ್, ಅಂದರೆ ಯಾರ ಮಾತನ್ನು ಒಳಗೆ ಬಿಡಬೇಕು ಅಂತ ನೋಡುವ ಕಾವಲು ತಂತ್ರಾಂಶ. ಬಂದ ಪ್ಯಾಕೆಟ್ಟನ್ನು ಅದು ಸದ್ದಿಲ್ಲದೆ ಬಿಸಾಡಿದರೆ ಕೇಳಿದವನಿಗೆ ‘ಇಲ್ಲ’ ಅನ್ನುವ ಉತ್ತರವೂ ಹೋಗುವುದಿಲ್ಲ. ರೆಕಾರ್ಡಿಂಗ್ ಕಂಪ್ಯೂಟರಿನಲ್ಲಿ ಯುಎಫ್‌ಡಬ್ಲ್ಯೂ ಅನ್ನುವ ಫೈರ್‌ವಾಲ್ ಚಾಲೂ ಇತ್ತು. ಸ್ಟೋರೇಜ್‌ನ ವಿಳಾಸ 192.168.1.20. ಆ ಒಂದೇ ವಿಳಾಸದಿಂದ 3493ಕ್ಕೆ ದಾರಿ ಬಿಟ್ಟೆ. ಎಲ್ಲರಿಗೂ ಬಿಡಲಿಲ್ಲ. ನಟ್‌ನಲ್ಲಿ ಬೇರೆಯಾಗಿ ಎಸ್‌ಎಸ್‌ಎಲ್ (ಮಾತನ್ನು ಗುಟ್ಟಾಗಿ ಕಳಿಸುವ ವ್ಯವಸ್ಥೆ) ಹಾಕದಿದ್ದರೆ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತದೆ, ಅದಕ್ಕೇ ಈ ಎಚ್ಚರಿಕೆ.

ಮತ್ತೆ ಕೇಳಿದೆ. ಈ ಸಲ ಉತ್ತರ ತಕ್ಷಣ ಬಂತು: ‘ಕನೆಕ್ಷನ್ ರಿಫ್ಯೂಸ್ಡ್’. ಇದನ್ನು ನೋಡಿ ನನಗೆ ಸಮಾಧಾನವಾಯಿತು. ಮೌನಕ್ಕಿಂತ ನಿರಾಕರಣೆ ಎಷ್ಟೋ ವಾಸಿ. ಪ್ಯಾಕೆಟ್ ಅಲ್ಲಿಯವರೆಗೆ ಹೋಗಿದೆ, ಆ ಯಂತ್ರವೇ ‘ಇಲ್ಲಿ ಯಾರೂ ಇಲ್ಲ’ ಅಂದಿದೆ. (ಕೆಲವು ಫೈರ್‌ವಾಲ್‌ಗಳು ಬಿಸಾಡುವ ಬದಲು ಹೀಗೇ ನಿರಾಕರಿಸುವಂತೆ ಹೊಂದಿಸಿರುತ್ತಾರೆ. ಆದ್ದರಿಂದ ರಿಫ್ಯೂಸ್ಡ್ ಅಂತ ಬಂದಾಗಲೂ ಅದನ್ನೊಮ್ಮೆ ನೋಡುವುದು ಒಳ್ಳೆಯದು.) ರೆಕಾರ್ಡಿಂಗ್ ಕಂಪ್ಯೂಟರಿಗೆ ಹೋಗಿ ಎಸ್‌ಎಸ್ ಕಮಾಂಡಿನಲ್ಲಿ ಯಾವ ಪೋರ್ಟ್ ಎಲ್ಲಿ ಕೇಳುತ್ತಿದೆ ಅಂತ ಪಟ್ಟಿ ತೆಗೆದೆ. ಸಾಲು ಸ್ಪಷ್ಟವಾಗಿತ್ತು: 127.0.0.1:3493. ಅಂದರೆ ಸರ್ವರ್ ತನ್ನ ಯಂತ್ರದ ಒಳಗಿನವರ ಮಾತನ್ನು ಮಾತ್ರ ಕೇಳುತ್ತಿತ್ತು. ನಟ್ ಬರುವುದೇ ಹಾಗೆ. ಹೊರಗಿನವರಿಗೂ ಉತ್ತರ ಕೊಡಬೇಕಾದರೆ ಸರ್ವರ್‌ನ ಸೆಟ್ಟಿಂಗ್ ಫೈಲಿನಲ್ಲಿ ಲಿಸನ್ ಅನ್ನುವ ಸಾಲು ಸೇರಿಸಬೇಕು. 192.168.1.10 ಅಂತ ಆ ಯಂತ್ರದ ವಿಳಾಸ ಬರೆದೆ, ಸರ್ವರ್‌ಗೆ ರೀಲೋಡ್ ಹೇಳಿದೆ. ಮತ್ತೆ ರಿಫ್ಯೂಸ್ಡ್! ಲಿಸನ್ ಸಾಲನ್ನು ಯುಪಿಎಸ್‌ಡಿ ಓದುವುದು ಶುರುವಾಗುವಾಗ ಮಾತ್ರ. ರೀಲೋಡ್ ಸಾಲದು, ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಹಾಗೆ ಮಾಡಿದ ಮೇಲೆ ಸ್ಟೋರೇಜ್‌ನ ಪರದೆ ಮೇಲೆ ಬ್ಯಾಟರಿ ಶೇಕಡಾ 100, ಸ್ಥಿತಿ ಓಎಲ್ ಅಂತ ಬಂತು. ಓಎಲ್ ಅಂದರೆ ಲೈನ್ ಕರೆಂಟ್ ಇದೆ ಅಂತ.

ಮೂರನೆಯದು ಬೇಗ ಮುಗಿಯಿತು. ಯುಪಿಎಸ್‌ಸಿ ಎಲ್ಲ ಓದುತ್ತಿದ್ದರೂ ಯುಪಿಎಸ್‌ಮಾನ್ ಲಾಗಿನ್ ಆಗುತ್ತಿರಲಿಲ್ಲ, ‘ಆಕ್ಸೆಸ್ ಡಿನೈಡ್’ ಅನ್ನುತ್ತಿತ್ತು. ಸ್ಥಿತಿ ಓದಲು ಪಾಸ್‌ವರ್ಡ್ ಬೇಡ, ಸೆಕೆಂಡರಿಯಾಗಿ ಹೆಸರು ಬರೆಸಲು ಬೇಕು. ಬಳಕೆದಾರರ ಫೈಲಿಗೆ ಹೊಸ ಹೆಸರು ಸೇರಿಸಿದ್ದೆ, ಸರ್ವರ್‌ಗೆ ಮತ್ತೆ ಓದು ಅಂತ ಹೇಳಿರಲಿಲ್ಲ. ಇದಕ್ಕೆ ರೀಲೋಡ್ ಸಾಕಾಯಿತು.

ಎಲ್ಲ ಆಯಿತು ಅಂತ ಎರಡೂ ಯಂತ್ರಗಳನ್ನು ರೀಸ್ಟಾರ್ಟ್ ಮಾಡಿದರೆ ಮತ್ತೆ ರಿಫ್ಯೂಸ್ಡ್. ಕೈಯಾರೆ ಸರ್ವರನ್ನು ಮತ್ತೆ ಶುರು ಮಾಡಿದರೆ ಸರಿ. ಲಾಗ್ ನೋಡಿದಾಗ ಗೊತ್ತಾಯಿತು. ಯಂತ್ರ ಏಳುವಾಗ ನೆಟ್‌ವರ್ಕ್ ಕಾರ್ಡಿಗೆ 192.168.1.10 ವಿಳಾಸ ಬರುವ ಮೊದಲೇ ಯುಪಿಎಸ್‌ಡಿ ಎದ್ದುಬಿಡುತ್ತಿತ್ತು. ಇನ್ನೂ ಇಲ್ಲದ ವಿಳಾಸದಲ್ಲಿ ಕೂರಲು ಹೋಗಿ ಸೋಲುತ್ತಿತ್ತು. ಲಿಸನ್ ಸಾಲಿಗೆ 0.0.0.0 ಬರೆದೆ. ಹಾಗೆ ಬರೆದರೆ ಯಾವ ವಿಳಾಸ ಬಂದರೂ ಸರಿ, ಕಾಯುವ ಅಗತ್ಯ ಇಲ್ಲ. ಯಾರಿಗೆ ಬಾಗಿಲು ತೆರೆಯಬೇಕು ಅನ್ನುವುದನ್ನು ಫೈರ್‌ವಾಲ್ ನೋಡಿಕೊಳ್ಳುತ್ತದೆ.

ಕೊನೆಗೆ ಪರೀಕ್ಷೆ ಮಾಡಿದೆ. ಯುಪಿಎಸ್ ಸಿಕ್ಕಿಸಿದ್ದ ಗೋಡೆ ಸಾಕೆಟ್‌ನ ಸ್ವಿಚ್ ಆರಿಸಿದೆ. (ಪ್ಲಗ್ ಕೀಳಬಾರದು. ಸ್ವಿಚ್ ಆರಿಸಿದರೆ ಅರ್ಥಿಂಗ್ ಹಾಗೇ ಉಳಿಯುತ್ತದೆ.) ಯುಪಿಎಸ್ ಬೀಪ್ ಅಂತು. ಕೆಲವೇ ಸೆಕೆಂಡಿನಲ್ಲಿ ಸ್ಟೋರೇಜ್‌ನಲ್ಲಿ ಸ್ಥಿತಿ ಓಎಲ್‌ನಿಂದ ಓಬಿಗೆ ಬಂತು, ಅಂದರೆ ಈಗ ಬ್ಯಾಟರಿ ಮೇಲೆ ಅಂತ. ಸ್ವಿಚ್ ಹಾಕಿದೆ, ಓಎಲ್ ಆಯಿತು. ಕೆಲಸ ಆಯಿತು ಅಂತ ಮನೆಗೆ ಹೋದೆ. ಈ ಪರೀಕ್ಷೆಯಲ್ಲೇ ಒಂದು ದೊಡ್ಡ ತೂತು ಇತ್ತು. ಅದು ಗೊತ್ತಾಗಲು ಜೂನ್ ಬರಬೇಕಾಯಿತು.

ಜೂನ್‌ನಲ್ಲಿ ಮಳೆ ಹಿಡಿದ ಒಂದು ಬೆಳಗ್ಗೆ ಕಚೇರಿಯ ಮೇಡಂ ಫೋನ್ ಮಾಡಿದರು. ‘ಸರ್, ರಾತ್ರಿ ಇಲ್ಲಿ ಕರೆಂಟ್ ಇರಲಿಲ್ಲ. ರೆಕಾರ್ಡಿಂಗ್ ಕಂಪ್ಯೂಟರ್ ಚೆನ್ನಾಗಿದೆ. ಸ್ಟೋರೇಜ್ ಆನ್ ಆಗಿದೆ, ಆದ್ರೆ ಕ್ಯಾಟಲಾಗ್ ತೆರೀತಿಲ್ಲ.’

ಹೋಗಿ ನೋಡಿದೆ. ಸ್ಟೋರೇಜ್ ದಿಢೀರನೆ ಆರಿತ್ತು. ಎರಡು ಡಿಸ್ಕ್‌ಗಳು ಮತ್ತೆ ಒಂದಕ್ಕೊಂದು ತಾಳೆ ಮಾಡಿಕೊಳ್ಳುತ್ತಿದ್ದವು. ದಿನದ ಕೆಲಸ ಮುಗಿದ ಮೇಲೆ ಆ ಯಂತ್ರ ಫೈಲ್‌ಗಳನ್ನು ಸಣ್ಣದು ಮಾಡಿ ಕ್ಯಾಟಲಾಗ್‌ಗೆ ಸೇರಿಸುತ್ತಾ ಇರುತ್ತದೆ. ಸರಿಯಾಗಿ ಆ ಹೊತ್ತಿಗೇ ಆರಿದ್ದರಿಂದ ಕ್ಯಾಟಲಾಗ್ ಫೈಲ್ ಕೆಟ್ಟಿತ್ತು. ಬ್ಯಾಕಪ್ ಇತ್ತು, ಆದರೆ ಮೂರು ದಿನ ಹಳೆಯದು. ಧ್ವನಿ ಯಾವುದೂ ಹೋಗಿರಲಿಲ್ಲ. ಹೋದದ್ದು ಮೂರು ದಿನದ ಬರವಣಿಗೆ. ಅದರಲ್ಲೊಂದು ದಿನ ಒಬ್ಬ ಹಿರಿಯರು ಬಂದು ಕೂತು, ಹೆಸರು ಬರೆಯದ ಕ್ಯಾಸೆಟ್‌ಗಳನ್ನು ಕೇಳಿ ‘ಇದು ಇಂಥವರ ಭೀಷ್ಮ, ಭಾಗವತರು ಇಂಥವರು’ ಅಂತ ಧ್ವನಿ ಗುರುತಿಸಿ ಹೇಳಿದ್ದರು. ಅದನ್ನು ಮೇಡಂ ನೇರವಾಗಿ ಕ್ಯಾಟಲಾಗ್‌ಗೇ ಟೈಪ್ ಮಾಡಿದ್ದರು. ಬೇರೆಲ್ಲೂ ಬರೆದಿರಲಿಲ್ಲ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಕೆಟ್ಟ ಡಿಸ್ಕ್ ಬದಲಾಯಿಸಬಹುದು. ಅಂಥ ಕಿವಿ ಇರುವವರು ಈಗ ಎಷ್ಟು ಜನ ಇದ್ದಾರೆ?

ಮೊದಲು ನೋಡಿದ್ದು ಇವತ್ತಿನ ಕನೆಕ್ಷನ್. ಯುಪಿಎಸ್‌ಸಿ ಉತ್ತರ ಕೊಡುತ್ತಿತ್ತು. ಯುಪಿಎಸ್‌ಮಾನ್ ಲಾಗಿನ್ ಆಗಿತ್ತು. ಫೈರ್‌ವಾಲ್ ಸರಿ, ಪೋರ್ಟ್ ಸರಿ. ಎಲ್ಲ ಸರಿ ಇದ್ದೂ ಆ ರಾತ್ರಿ ಕೆಲಸ ಮಾಡಿಲ್ಲ ಅಂದರೆ ಆ ರಾತ್ರಿಯ ಲಾಗನ್ನೇ ನೋಡಬೇಕು. ಎರಡೂ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುವಂತೆ ಮೊದಲೇ ಮಾಡಿದ್ದೆ. ಅದು ಈಗ ಉಪಯೋಗಕ್ಕೆ ಬಂತು. ಎರಡು ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದೆ.

ಸಂಜೆ 7:12:41. ಸ್ಟೋರೇಜ್‌ನ ಕರ್ನಲ್ ಲಾಗ್: ನೆಟ್‌ವರ್ಕ್ ಲಿಂಕ್ ಡೌನ್. ಅದೇ ಸೆಕೆಂಡಿನಲ್ಲಿ ರೆಕಾರ್ಡಿಂಗ್ ಕಂಪ್ಯೂಟರಿನಲ್ಲೂ ಅದೇ ಸಾಲು: ಲಿಂಕ್ ಡೌನ್. 7:12:44ಕ್ಕೆ ರೆಕಾರ್ಡಿಂಗ್ ಕಂಪ್ಯೂಟರ್ ಹೇಳುತ್ತದೆ, ಯುಪಿಎಸ್ ಬ್ಯಾಟರಿ ಮೇಲೆ ಇದೆ. ಸ್ಟೋರೇಜ್‌ನಲ್ಲಿ ಆ ಮಾತು ಎಲ್ಲೂ ಇಲ್ಲ. ಅಲ್ಲಿ ಬರುವುದು ‘ಯುಪಿಎಸ್ ಜೊತೆ ಸಂಪರ್ಕ ಕಡಿದಿದೆ’. ಅಲ್ಲಿಂದ 5 ನಿಮಿಷಕ್ಕೊಮ್ಮೆ ‘ಯುಪಿಎಸ್ ಸಿಗುತ್ತಿಲ್ಲ’. 26 ನಿಮಿಷ ಹೀಗೇ ಕೂಗಿದೆ. ಆಮೇಲೆ ಲಾಗ್ ಖಾಲಿ. ಮುಚ್ಚುತ್ತಿದ್ದೇನೆ ಅನ್ನುವ ಸಾಲು ಕೂಡ ಇಲ್ಲ.

ಎರಡು ಯಂತ್ರಗಳ ಲಿಂಕ್ ಒಂದೇ ಸೆಕೆಂಡಿನಲ್ಲಿ ಬಿದ್ದಿದೆ ಅಂದರೆ ತಪ್ಪು ಇರುವುದು ಎರಡರ ನಡುವೆ. ನಡುವೆ ಇರುವುದು ಎರಡರ ಕೇಬಲ್‌ಗಳನ್ನೂ ಜೋಡಿಸುವ ನೆಟ್‌ವರ್ಕ್ ಸ್ವಿಚ್. ಅಂಗೈಯಷ್ಟು ಅಗಲದ ಐದು ಪೋರ್ಟಿನ ಪೆಟ್ಟಿಗೆ, ಬೀರುವಿನ ಮೇಲೆ ಕೂತಿತ್ತು, ಹಸಿರು ದೀಪ ಮಿನುಗುತ್ತಿತ್ತು. ಅದರ ಅಡಾಪ್ಟರ್ ವೈರನ್ನು ಕೈಯಲ್ಲಿ ಹಿಡಿದು ಹಿಂಬಾಲಿಸಿದೆ. ಬೀರುವಿನ ಹಿಂದೆ ಇಳಿದು, ಗೋಡೆಗುಂಟ ಹೋಗಿ, ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿತ್ತು. ಒಂದು ಪಕ್ಕದಲ್ಲಿ ಮೊಬೈಲ್ ಚಾರ್ಜರ್, ಇನ್ನೊಂದು ಪಕ್ಕದಲ್ಲಿ ಸೊಳ್ಳೆ ಲಿಕ್ವಿಡ್ ಮೆಷಿನ್. ಆ ಬೋರ್ಡ್ ಗೋಡೆಯ ಸಾಕೆಟ್‌ಗೆ ಸೇರಿತ್ತು, ಯುಪಿಎಸ್‌ಗಲ್ಲ.

ಹಾಗಾಗಿ ಕರೆಂಟ್ ಹೋದ ಕ್ಷಣದಲ್ಲೇ ಸ್ವಿಚ್ ಸತ್ತಿತು. ‘ಕರೆಂಟ್ ಹೋಗಿದೆ’ ಅನ್ನುವ ಸುದ್ದಿ ಯಾವ ದಾರಿಯಲ್ಲಿ ಬರಬೇಕಿತ್ತೋ ಆ ದಾರಿಯೇ ಕರೆಂಟಿನ ಜೊತೆ ಹೋಯಿತು. ಡ್ರೈವರ್ ಯುಪಿಎಸ್‌ನ ಸ್ಥಿತಿ ಕೇಳುವುದು 2 ಸೆಕೆಂಡಿಗೊಮ್ಮೆ. ಯುಪಿಎಸ್‌ಮಾನ್ ಸರ್ವರನ್ನು ಕೇಳುವುದು 5 ಸೆಕೆಂಡಿಗೊಮ್ಮೆ. ಸ್ವಿಚ್ ಸಾಯಲು ಒಂದು ಸೆಕೆಂಡೂ ಬೇಡ.

ಸಂಪರ್ಕ ಕಡಿದಾಗ ಸ್ಟೋರೇಜ್ ಯಾಕೆ ತಾನಾಗಿ ಮುಚ್ಚಲಿಲ್ಲ ಅಂತ ಕೇಳಬಹುದು. ಯುಪಿಎಸ್‌ಮಾನ್ ಇದರಲ್ಲಿ ಯೋಚಿಸಿ ನಡೆಯುತ್ತದೆ. ಕೊನೆಯ ಸಲ ಕೇಳಿದಾಗ ಯುಪಿಎಸ್ ಬ್ಯಾಟರಿ ಮೇಲಿತ್ತು, ಆಮೇಲೆ ಸಂಪರ್ಕ ಹೋಯಿತು ಅಂದರೆ ಕೆಟ್ಟದ್ದನ್ನೇ ಊಹಿಸಿ ಯಂತ್ರ ಮುಚ್ಚುತ್ತದೆ. ಕೊನೆಯ ಸ್ಥಿತಿ ಓಎಲ್ ಆಗಿದ್ದರೆ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಿರುತ್ತದೆ. ಅದು ಸರಿಯೇ. ಯಾರೋ ಗುಡಿಸುವಾಗ ಕೇಬಲ್ ತಗುಲಿದರೆ ಸರ್ವರ್ ಮುಚ್ಚಿಹೋಗಬಾರದಲ್ಲ. ನಮ್ಮ ಸ್ಟೋರೇಜ್‌ಗೆ ಕೊನೆಗೆ ಗೊತ್ತಿದ್ದದ್ದು ಓಎಲ್. ಅದನ್ನೇ ನಂಬಿಕೊಂಡು 26 ನಿಮಿಷ ಕೆಲಸ ಮಾಡುತ್ತಾ ಕೂತಿತ್ತು.

ಇತ್ತ ಬ್ಯಾಟರಿ ಇಳಿದಾಗ ರೆಕಾರ್ಡಿಂಗ್ ಕಂಪ್ಯೂಟರ್ ಕ್ರಮವಾಗಿ ನಡೆದುಕೊಂಡಿದೆ. ಸೆಕೆಂಡರಿಗಳು ಹೊರಡಲಿ ಅಂತ ಹೇಳಿದೆ. ಯಾರೂ ಕದಲಲಿಲ್ಲ. ಮಾತು ತಲುಪಿದ್ದರೆ ತಾನೇ ಕದಲುವುದು. ತಾನು ಮುಚ್ಚಿಕೊಂಡು, ಇನ್ನು ಕರೆಂಟ್ ಕಡಿ ಅಂತ ಯುಪಿಎಸ್‌ಗೆ ಹೇಳಿದೆ. ಅಂದರೆ ಓಡುತ್ತಿದ್ದ ಸ್ಟೋರೇಜ್‌ನ ಕರೆಂಟ್ ತೆಗೆದದ್ದು ಖಾಲಿಯಾದ ಬ್ಯಾಟರಿಯೂ ಅಲ್ಲ, ನಾವೇ ಬರೆದಿಟ್ಟ ಸೆಟ್ಟಿಂಗ್.

ಏಪ್ರಿಲ್‌ನ ಪರೀಕ್ಷೆ ಯಾಕೆ ಪಾಸಾಯಿತು ಅಂತ ಈಗ ಗೊತ್ತಾಯಿತು. ಅವತ್ತು ಆರಿಸಿದ್ದು ಯುಪಿಎಸ್‌ನ ಸಾಕೆಟ್ ಒಂದನ್ನೇ. ಕೋಣೆಯ ಉಳಿದ ಎಲ್ಲಕ್ಕೂ ಕರೆಂಟ್ ಇತ್ತು. ಸ್ವಿಚ್‌ಗೂ ಇತ್ತು. ನಿಜವಾಗಿ ಕರೆಂಟ್ ಹೋಗುವಾಗ ಒಂದು ಸಾಕೆಟ್‌ಗೆ ಮಾತ್ರ ಹೋಗುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದಿದ್ದರು. ‘ಸ್ವಿಚ್ಚನ್ನ ಲೈಟಿನ ಇನ್ವರ್ಟರ್ ಲೈನಿಗೆ ಹಾಕಿದ್ರೆ ಆಯ್ತಲ್ಲ ಮಾರಾಯ್ರೆ, ಹತ್ರಾನೂ ಆಗ್ತದೆ’ ಅಂದರು. ನಾನು ಬೇಡ ಅಂದೆ. ಇನ್ವರ್ಟರ್‌ನ ಬ್ಯಾಟರಿ ಬೇರೆ, ಯುಪಿಎಸ್‌ನ ಬ್ಯಾಟರಿ ಬೇರೆ. ಸಂಜೆಯೆಲ್ಲ ಫ್ಯಾನ್, ಲೈಟ್ ಉರಿದು ಇನ್ವರ್ಟರ್ ಮೊದಲು ಖಾಲಿಯಾದರೆ ಮತ್ತೆ ಅದೇ ಕಥೆ. ಸುದ್ದಿ ಹೊರುವ ಪೆಟ್ಟಿಗೆ ಯಂತ್ರಗಳ ಜೊತೆ ಒಂದೇ ಬ್ಯಾಟರಿಯಲ್ಲಿ ಬದುಕಬೇಕು. ಅವರಿಗೂ ಅದು ಸರಿ ಅನ್ನಿಸಿತು. ಉದ್ದದ ವೈರ್ ಎಳೆದು ಯುಪಿಎಸ್‌ಗೇ ಹಾಕಿಕೊಟ್ಟರು. ಕೆಲವು ಯುಪಿಎಸ್‌ಗಳಲ್ಲಿ ಅರ್ಧ ಸಾಕೆಟ್‌ಗಳಿಗೆ ಮಾತ್ರ ಬ್ಯಾಟರಿ ಇರುತ್ತದೆ, ಉಳಿದವು ಬರೀ ಸರ್ಜ್ ತಡೆಯಲು. ಹಾಕುವ ಮೊದಲು ಹಿಂಬದಿಯ ಬರಹ ಓದಿಕೊಂಡೆವು. ಎರಡೂ ಯಂತ್ರಗಳಲ್ಲಿ ಎರಡೆರಡು ನೆಟ್‌ವರ್ಕ್ ಪೋರ್ಟ್ ಇದ್ದಿದ್ದರೆ ನಡುವೆ ನೇರ ಕೇಬಲ್ ಎಳೆದು ಸ್ವಿಚ್‌ನ ಹಂಗೇ ಇಲ್ಲದಂತೆ ಮಾಡುತ್ತಿದ್ದೆ. ಇರಲಿಲ್ಲ.

ಈ ಸಲ ಪರೀಕ್ಷೆ ಬೇರೆ ಥರ. ಶನಿವಾರ ಬೆಳಗ್ಗೆ ಎಲ್ಲ ಫೈಲ್ ಬ್ಯಾಕಪ್ ತೆಗೆದು, ಎಲ್ಲರಿಗೂ ಹೇಳಿ, ಕೋಣೆಗೆಲ್ಲ ಕರೆಂಟ್ ಕಡಿಯುವ ಎಂಸಿಬಿಯನ್ನೇ ಇಳಿಸಿದೆವು. ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಆರಿತು. ಬೀರುವಿನ ಮೇಲೆ ಐದು ಹಸಿರು ದೀಪಗಳಲ್ಲಿ ಎರಡು ಉರಿಯುತ್ತಲೇ ಇದ್ದವು. ಮೇಡಂ ಅದನ್ನು ನೋಡಿ ‘ಅದು ಬದುಕಿದೆ ಸರ್’ ಅಂದರು. ಸ್ಟೋರೇಜ್‌ನಲ್ಲಿ ಓಬಿ ಬಂತು.

ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವ ಅಗತ್ಯ ಇಲ್ಲ. ಹಾಗೆ ಮಾಡುವುದು ಬ್ಯಾಟರಿಗೂ ಒಳ್ಳೆಯದಲ್ಲ. ಪ್ರೈಮರಿಯಲ್ಲಿ ಯುಪಿಎಸ್‌ಮಾನ್‌ಗೆ ಎಫ್‌ಎಸ್‌ಡಿ ಅನ್ನುವ ಆದೇಶ ಕೊಟ್ಟರೆ ಬ್ಯಾಟರಿ ಮುಗಿದಾಗ ನಡೆಯುವುದೆಲ್ಲ ಆಗಲೇ ನಡೆಯುತ್ತದೆ. ಕೊಟ್ಟೆ. ಸ್ಟೋರೇಜ್ ಮುಚ್ಚಲು ಶುರು ಮಾಡಿತು. ರೆಕಾರ್ಡಿಂಗ್ ಕಂಪ್ಯೂಟರ್ ಬೇಗ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಯುಪಿಎಸ್ ‘ಟಕ್’ ಅಂದು ಎಲ್ಲ ಆರಿತು. ಸ್ಟೋರೇಜ್‌ನ ಡಿಸ್ಕ್ ದೀಪ ಆಗಲೂ ಮಿನುಗುತ್ತಿತ್ತು!

ಇನ್ನೊಂದು ತಪ್ಪು ಹೀಗೆ ಕೈಗೆ ಸಿಕ್ಕಿತು. ಪ್ರೈಮರಿ ಕಾಯುವುದು ಸೆಕೆಂಡರಿ ತನ್ನ ಲಾಗಿನ್ ಬಿಡುವವರೆಗೆ ಮಾತ್ರ, ಅದು ಪೂರ್ತಿ ಆರುವವರೆಗಲ್ಲ. ನಾವು ಬಳಸುವ ಯುಎಸ್‌ಬಿ ಡ್ರೈವರಿನಲ್ಲಿ ಆದೇಶ ಹೋದ ಮೇಲೆ ಯುಪಿಎಸ್ ಕರೆಂಟ್ ಕಡಿಯಲು ಮೊದಲೇ ಹೊಂದಿಸಿದ ಸಮಯ 20 ಸೆಕೆಂಡು. ಸ್ಟೋರೇಜ್ ಪೂರ್ತಿ ಮುಚ್ಚಲು ಎಷ್ಟು ಬೇಕು ಅಂತ ಮೊಬೈಲ್ ಗಡಿಯಾರ ಹಿಡಿದು ಅಳೆದೆವು: 64 ಸೆಕೆಂಡು. ಡ್ರೈವರಿನ ಆಫ್‌ಡಿಲೇಯನ್ನು 120 ಮಾಡಿದೆ. ಕರೆಂಟ್ ಬಂದ ಮೇಲೆ ಮತ್ತೆ ಆನ್ ಆಗುವ ಆನ್‌ಡಿಲೇ ಅದಕ್ಕಿಂತ ಜಾಸ್ತಿ ಇರಬೇಕು, ಅದನ್ನು 180 ಮಾಡಿದೆ. ಮತ್ತೆ ಎಂಸಿಬಿ ಇಳಿಸಿ ಎಫ್‌ಎಸ್‌ಡಿ ಕೊಟ್ಟೆವು. ಸ್ಟೋರೇಜ್ ಆರಿ, ಅದರೊಳಗಿನ ಫ್ಯಾನ್ ನಿಂತು, ಅದಾಗಿ ಒಂದು ನಿಮಿಷಕ್ಕೂ ಜಾಸ್ತಿ ಹೊತ್ತಿನ ಮೇಲೆ ಯುಪಿಎಸ್ ಆರಿತು.

ಜುಲೈ ಮೊದಲ ವಾರದಲ್ಲಿ ರಾತ್ರಿ ಮತ್ತೆ ಕರೆಂಟ್ ಹೋಯಿತು. ಬೆಳಗ್ಗೆ ಮೇಡಂ ಲಾಗ್‌ನ ಫೋಟೋ ತೆಗೆದು ಕಳಿಸಿದರು. ಸ್ಟೋರೇಜ್‌ನ ಸಾಲುಗಳಲ್ಲಿ ಮೊದಲು ಓಬಿ, ಆಮೇಲೆ ಬ್ಯಾಟರಿ ಕಡಿಮೆ, ಕೊನೆಗೆ ಕ್ರಮವಾಗಿ ಮುಚ್ಚಿದ ಸಾಲು. ಸಂಪರ್ಕ ಕಡಿದ ಮಾತು ಎಲ್ಲೂ ಇರಲಿಲ್ಲ. ಸ್ವಿಚ್‌ನ ಪ್ಲಗ್ ಮೇಲೆ ಅವರು ಬಿಳಿ ಟೇಪ್ ಅಂಟಿಸಿ ‘ನೆಟ್‌ವರ್ಕ್, ತೆಗೆಯಬೇಡಿ’ ಅಂತ ಬರೆದಿದ್ದಾರೆ. ಆ ಹಿರಿಯರು ಮುಂದಿನ ವಾರ ಮತ್ತೆ ಬಂದರು. ಎರಡು ದಿನ ಕೂತು ಎಲ್ಲ ಕ್ಯಾಸೆಟ್ ಮತ್ತೆ ಕೇಳಿದರು. ಈ ಸಲ ಮೇಡಂ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಟೈಪ್ ಮಾಡಿದರು.